ಗಾಳಿ ಕೆಟ್ಟ ದಿನ ವಾಕಿಂಗ್ ಹೋಗಬೇಕಾ, ಬೇಡವಾ? ಮೊದಲು ಗಡಿಯಾರ ನೋಡಿ

ಚಳಿಗಾಲ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತೆ. ದೆಹಲಿಯಲ್ಲಿರುವ ಕನ್ನಡದ ಗೆಳೆಯರು ಎಕ್ಯೂಐ 380 ಎಂಬ ಸ್ಕ್ರೀನ್‌ಶಾಟ್ ಕಳಿಸಿ ‘ಇವತ್ತು ಓಡ್ಬಹುದಾ?’ ಅಂತಾರೆ. ಬೆಂಗಳೂರಿನವರು 150 ನೋಡಿ ಗಾಬರಿಯಾಗಿ ಅದನ್ನೇ ಕೇಳ್ತಾರೆ. ನಾನು ವೈದ್ಯನಲ್ಲ. ಹದಿನೈದು ವರ್ಷದಿಂದ ಓಡುತ್ತಿರುವವನು, ಅದರಲ್ಲಿ ನಾಲ್ಕು ಚಳಿಗಾಲ ದೆಹಲಿಯಲ್ಲಿ ಕಳೆದವನು, ಗಾಳಿಯ ಅಂಕಿಅಂಶ ಓದುವ ಚಟ ಅಂಟಿಸಿಕೊಂಡವನು. ಹಾಗಾಗಿ ನನಗೆ ಗೊತ್ತಿರುವುದನ್ನು ಒಂದು ಕಡೆ ಬರೆದಿಟ್ಟಿರೋಣ ಅನ್ನಿಸಿತು.

ಈ ವಿಷಯದಲ್ಲಿ ಎರಡು ಪಂಗಡಗಳಿವೆ. ‘ನಮ್ಮಪ್ಪ ಎಂಬತ್ತರವರೆಗೂ ದಿನಾ ನಡೆದ್ರು, ಏನೂ ಆಗ್ಲಿಲ್ಲ’ ಅನ್ನುವವರು ಒಂದು ಕಡೆ. ಆ್ಯಪ್ ಕೆಂಪಾದ ದಿನವೇ ಶೂ ಎತ್ತಿ ಅಟ್ಟಕ್ಕೆ ಹಾಕಿ, ಯುಗಾದಿವರೆಗೂ ಇಳಿಸದವರು ಇನ್ನೊಂದು ಕಡೆ. ನನಗೆ ಎರಡನೆಯವರ ಬಗ್ಗೆ ಹೆಚ್ಚು ಚಿಂತೆ. ನಮ್ಮ ತಾಯಿಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಎರಡು ವಾರ ನಡಿಗೆ ತಪ್ಪಿದರೆ ಖಾಲಿ ಹೊಟ್ಟೆಯ ರಕ್ತಪರೀಕ್ಷೆಯಲ್ಲೇ ಗೊತ್ತಾಗಿಬಿಡುತ್ತೆ. ಕೆಟ್ಟ ಗಾಳಿಯಲ್ಲಿ ನಡೆಯೋದಕ್ಕೆ ಬೆಲೆ ಇದೆ ನಿಜ, ನಡಿಗೆ ಬಿಡೋದಕ್ಕೂ ಬೆಲೆ ಇದೆ. ಎರಡನ್ನೂ ತೂಗಬೇಕು.

ತೂಗೋದು ಹೇಗೆ? ಮೂರು ಸಂಗತಿ ಸಾಕು: ಗಾಳಿಯಲ್ಲಿ ಎಷ್ಟು ಕೊಳಕಿದೆ, ನಿಮಿಷಕ್ಕೆ ಎಷ್ಟು ಗಾಳಿ ಎಳೆದುಕೊಳ್ತೀರಿ, ಎಷ್ಟು ಹೊತ್ತು. ಸುಮ್ಮನೆ ಕುಳಿತವರು ನಿಮಿಷಕ್ಕೆ ಸುಮಾರು 7 ಲೀಟರ್ ಉಸಿರಾಡುತ್ತಾರೆ. ಬಿರುಸಾಗಿ ನಡೆದರೆ 25 ಲೀಟರ್ ಆಸುಪಾಸು, ಓಡಿದರೆ 60 ಅಥವಾ ಅದಕ್ಕೂ ಹೆಚ್ಚು. ಪಿಎಂ 2.5, ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು, ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಇರುವ ದಿನ ಅಂದುಕೊಳ್ಳಿ. ಒಂದು ಗಂಟೆ ಕುಳಿತರೆ ಸುಮಾರು 25 ಮೈಕ್ರೋಗ್ರಾಂ ಒಳಗೆಳೆದುಕೊಳ್ತೀರಿ, ನಡೆದರೆ 90, ಓಡಿದರೆ 216. ಜೊತೆಗೆ ಓಡುವಾಗ ಬಾಯಲ್ಲಿ ಉಸಿರಾಡುತ್ತೇವೆ, ಮೂಗಿನ ಸೋಸುವ ಕೆಲಸ ತಪ್ಪಿಹೋಗುತ್ತೆ.

ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. ಅದೇ ಗಾಳಿಯನ್ನು ನೀವು 24 ಗಂಟೆಯೂ ಉಸಿರಾಡುತ್ತಿದ್ದೀರಿ. ದಿನಕ್ಕೆ ಒಟ್ಟು 11,000 ಲೀಟರ್ ಎಂದು ಹಿಡಿದರೆ 660 ಮೈಕ್ರೋಗ್ರಾಂ ಹೇಗಿದ್ದರೂ ಒಳಗೆ ಹೋಗುವಂಥದ್ದು. ಒಂದು ಗಂಟೆ ನಡಿಗೆ ಅದಕ್ಕೆ ಸೇರಿಸೋದು ಹತ್ತನೇ ಒಂದು ಭಾಗದಷ್ಟು, ಓಟವಾದರೆ ಮೂರನೇ ಒಂದು ಭಾಗಕ್ಕೆ ಸ್ವಲ್ಪ ಕಡಿಮೆ. ನಡಿಗೆಯನ್ನೂ ಓಟವನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು ಅನ್ನೋದು ಇದಕ್ಕೇ.

ಕೇಂಬ್ರಿಡ್ಜ್‌ನ ಮಾರ್ಕೊ ತೈನಿಯೊ ಮತ್ತು ಸಂಗಡಿಗರು 2016ರಲ್ಲಿ ಮಾಡಿದ ಲೆಕ್ಕಾಚಾರವೂ ಇದನ್ನೇ ಹೇಳುತ್ತೆ. ಪಿಎಂ 2.5 ಸರಾಸರಿ 100 ಇರುವ ಊರಿನಲ್ಲಿ ದಿನಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ಸೈಕಲ್ ತುಳಿದರೆ ಮಾತ್ರ ನಷ್ಟ ಲಾಭವನ್ನು ಮೀರುತ್ತೆ. ನಡಿಗೆಯಾದರೆ ಹತ್ತು ಗಂಟೆಗಿಂತ ಹೆಚ್ಚು! ಇದನ್ನು ಓದಿದ ಮೊದಲ ಪಂಗಡದವರು ಕುಣಿಯಬಹುದು. ಆದರೆ ಅದು ದೀರ್ಘಕಾಲದ ಸರಾಸರಿ ಗಾಳಿ, ಇಡೀ ಜನಸಮೂಹದ ಸಾವಿನ ಪ್ರಮಾಣ ಇಟ್ಟುಕೊಂಡು ಮಾಡಿದ ಲೆಕ್ಕ. ಗಾಳಿ ಕೆಟ್ಟ ಒಂದು ದಿನ ಅಸ್ತಮಾ ಇರುವ ಒಬ್ಬರಿಗೆ ಏನಾಗುತ್ತೆ ಅಂತ ಅದು ಹೇಳಲ್ಲ.

ಅದಕ್ಕೆ ಲಂಡನ್‌ನ ಇನ್ನೊಂದು ಅಧ್ಯಯನ ನೋಡಬೇಕು. 2017ರ ಕೊನೆಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು. 60 ದಾಟಿದ 119 ಜನರನ್ನು, ಅವರಲ್ಲಿ ಕೆಲವರು ಆರೋಗ್ಯವಂತರು, ಕೆಲವರು ಶ್ವಾಸಕೋಶದ ತೊಂದರೆಯವರು, ಇನ್ನು ಕೆಲವರು ಹೃದ್ರೋಗಿಗಳು, ಒಂದು ದಿನ ಹೈಡ್ ಪಾರ್ಕ್‌ನಲ್ಲಿ ಎರಡು ಗಂಟೆ ನಡೆಸಿದರು. ಇನ್ನೊಂದು ದಿನ ಡೀಸೆಲ್ ಬಸ್ಸು, ಟ್ಯಾಕ್ಸಿ ಓಡಾಡುವ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ಅಷ್ಟೇ ಹೊತ್ತು. ಪಾರ್ಕಿನಲ್ಲಿ ನಡೆದಾಗ ಶ್ವಾಸಕೋಶದ ಸಾಮರ್ಥ್ಯ ಹೆಚ್ಚಿತು, ರಕ್ತನಾಳಗಳ ಬಿಗಿತ ಕಡಿಮೆಯಾಯಿತು. ರಸ್ತೆಯಲ್ಲಿ ನಡೆದಾಗ ಆ ಲಾಭದ ಬಹುಪಾಲು ಕರಗಿಹೋಯಿತು. ಅದೇ ಊರು, ಅದೇ ಕಾಲು. ಬದಲಾದದ್ದು ಬೀದಿ ಮಾತ್ರ.

ಬೆಂಗಳೂರಿಗೆ ಇದನ್ನು ಹೊಂದಿಸೋದು ಸುಲಭ. ಕಬ್ಬನ್ ಪಾರ್ಕಿನ ಒಳಗೆ ನಡೆಯೋದೂ ಹಡ್ಸನ್ ಸರ್ಕಲ್‌ನ ಫುಟ್‌ಪಾತ್‌ನಲ್ಲಿ ನಡೆಯೋದೂ ಒಂದೇ ಅಲ್ಲ, ವಾಹನ ಬಿಡದ ಭಾನುವಾರಗಳಲ್ಲಂತೂ ಅಲ್ಲವೇ ಅಲ್ಲ. ಮರಗಳು ಹೊಗೆ ಹೀರಿಕೊಳ್ಳುತ್ತವೆ ಅಂತ ನಂಬಿದವರಿದ್ದಾರೆ. ಮರಕ್ಕಿಂತ ದೊಡ್ಡ ಕೆಲಸ ಮಾಡೋದು ದೂರ. ದೊಡ್ಡ ರಸ್ತೆಯಿಂದ ನೂರಿನ್ನೂರು ಮೀಟರ್ ಒಳಗೆ ಸರಿದರೆ ವಾಹನದ ಹೊಗೆ ಗಣನೀಯವಾಗಿ ಇಳಿಯುತ್ತೆ. ಔಟರ್ ರಿಂಗ್ ರೋಡಿನ ಸರ್ವಿಸ್ ರೋಡಲ್ಲಿ ಓಡುವವರನ್ನು ಕಂಡಾಗೆಲ್ಲ ಕೈ ಹಿಡಿದು ಹಿಂದಿನ ಬೀದಿಗೆ ಕರ್ಕೊಂಡು ಹೋಗ್ಬೇಕು ಅನ್ಸುತ್ತೆ.

ಬೆಳಗಿನ ಗಾಳಿ ಶುದ್ಧವೇ?

‘ಬೆಳಗಿನ ಗಾಳಿ ಶುದ್ಧ’ ಎಂಬ ಮಾತು ಕೇಳಿಯೇ ನಾವೆಲ್ಲ ಬೆಳೆದದ್ದು. ಮಳೆಗಾಲಕ್ಕೆ, ಬೇಸಿಗೆಗೆ ಅದು ಬಹುಮಟ್ಟಿಗೆ ಸರಿ. ಚಳಿಗಾಲಕ್ಕೆ ಸರಿಯಲ್ಲ. ಡಿಸೆಂಬರ್ ಮುಂಜಾನೆ ಹಳ್ಳಿಯಲ್ಲಿ ಬಚ್ಚಲುಮನೆ ಒಲೆಯ ಹೊಗೆ ನೋಡಿದ್ದೀರಾ? ಹೆಂಚಿನಿಂದ ಹೊರಬಂದು ಮೇಲೇರೋದಿಲ್ಲ. ಮಾಡಿನ ಮಟ್ಟದಲ್ಲೇ ಚಾಪೆ ಹಾಸಿದಂತೆ ಅಡ್ಡ ಮಲಗಿಬಿಡುತ್ತೆ. ರಾತ್ರಿ ನೆಲ ಬೇಗ ತಣ್ಣಗಾಗಿ, ಅದಕ್ಕಂಟಿದ ಗಾಳಿಯೂ ತಣ್ಣಗಾಗಿ ಕೆಳಗೇ ಕೂತಿರುತ್ತೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದ ಹಾಗೆ. ಹವಾಮಾನದವರು ಇದನ್ನು ಇನ್ವರ್ಷನ್ ಅಂತಾರೆ. ರಾತ್ರಿಯಿಡೀ ಓಡಿದ ಲಾರಿಗಳ ಹೊಗೆ, ಕಸ ಸುಟ್ಟ ಹೊಗೆ, ರಸ್ತೆಯ ಧೂಳು ಎಲ್ಲ ಆ ಮುಚ್ಚಳದ ಕೆಳಗೇ ಉಳಿಯುತ್ತವೆ. ಬಿಸಿಲೇರಿ ನೆಲ ಕಾದ ಮೇಲಷ್ಟೇ ಮುಚ್ಚಳ ತೆರೆಯೋದು. ಅಷ್ಟರಲ್ಲಿ ಆಫೀಸು, ಶಾಲೆಯ ವಾಹನಗಳು ರಸ್ತೆಗಿಳಿದಿರುತ್ತವೆ.

ಹೀಗಾಗಿ ನವೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮ ಊರುಗಳಲ್ಲಿ ಪಿಎಂ 2.5 ಸಾಮಾನ್ಯವಾಗಿ ಬೆಳಗ್ಗೆ ಏರಿ, ಮಧ್ಯಾಹ್ನ 3ರಿಂದ 5ರ ನಡುವೆ ಇಳಿದು, ರಾತ್ರಿ ಮತ್ತೆ ಏರುತ್ತೆ. ದೆಹಲಿಯಲ್ಲಿ ಈ ಏರಿಳಿತ ಭಯಂಕರ. ಲೋಧಿ ಗಾರ್ಡನ್‌ನಲ್ಲಿ ಬೆಳಗ್ಗೆ ಆರಕ್ಕೆ ಮಫ್ಲರ್ ಸುತ್ತಿಕೊಂಡು ಗುಂಪು ಗುಂಪಾಗಿ ನಡೆಯುವ ಹಿರಿಯರು ದಿನದ ಅತಿ ಕೆಟ್ಟ ಗಾಳಿಯನ್ನೇ ಹುಡುಕಿಕೊಂಡು ಬಂದಂತಿರುತ್ತಿತ್ತು. ನಾನು ಅಲ್ಲಿದ್ದಾಗ ರಜಾದಿನಗಳಲ್ಲಿ ಮಧ್ಯಾಹ್ನ ಮೂರಕ್ಕೆ ಓಡುತ್ತಿದ್ದೆ. ಊಟದ ಮೇಲೆ ಓಡುವ ಮದರಾಸಿ ಅಂತ ಪಕ್ಕದ ಮನೆಯವರಿಗೆ ತಮಾಷೆ. (ಕನ್ನಡಿಗ ಅಂತ ಹೇಳಿ ಹೇಳಿ ಸಾಕಾಗಿತ್ತು.)

ಕೆಲಸಕ್ಕೆ ಹೋಗುವವರಿಗೆ ಮಧ್ಯಾಹ್ನದ ಮಾತು ಹೇಳಿ ಪ್ರಯೋಜನವಿಲ್ಲ, ಗೊತ್ತು. ಆದರೆ ನಿವೃತ್ತರಿಗೆ, ಮನೆಯಲ್ಲಿರುವವರಿಗೆ ಇದು ಸಾಧ್ಯ. ಅಪಾಯ ಹೆಚ್ಚಿರೋದೂ ಅವರಲ್ಲೇ ಅನೇಕರಿಗೆ. ನಮ್ಮ ತಾಯಿ ಈಗ ಡಿಸೆಂಬರ್, ಜನವರಿಯಲ್ಲಿ ನಾಲ್ಕು ಗಂಟೆಗೆ ಕಾಫಿ ಕುಡಿದು ಹೊರಡ್ತಾರೆ. ಬೇಸಿಗೆಯಲ್ಲಿ ಮತ್ತೆ ಬೆಳಗಿನ ಹೊತ್ತೇ ಮೇಲು. ಬಿಸಿಲಿನ ಮಾತಷ್ಟೇ ಅಲ್ಲ, ಬಿಸಿಲಿಗೆ ಹುಟ್ಟುವ ಓಝೋನ್ ಮಧ್ಯಾಹ್ನವೇ ಹೆಚ್ಚು.

ಆ್ಯಪ್‌ನ ನಂಬರ್ ಓದೋದು ಹೇಗೆ?

ಇಲ್ಲಿ ಗೊಂದಲ ಜಾಸ್ತಿ. ಒಂದೇ ಗಾಳಿಗೆ ಎರಡು ನಂಬರ್‌ಗಳಿವೆ. ಪಿಎಂ 2.5 60 ಇದ್ದರೆ ನಮ್ಮ ದೇಶದ ಸೂಚ್ಯಂಕದಲ್ಲಿ ಎಕ್ಯೂಐ 100, ‘ತೃಪ್ತಿಕರ’. ಅದೇ ಗಾಳಿ ಅಮೆರಿಕದ ಅಳತೆಯಲ್ಲಿ 150 ದಾಟಿ ‘ಅನಾರೋಗ್ಯಕರ’ ಎಂಬ ಕೆಂಪು ಬಣ್ಣಕ್ಕೆ ಹೋಗುತ್ತೆ. ಫೋನಿನಲ್ಲಿರುವ ಹಲವು ಖಾಸಗಿ ಆ್ಯಪ್‌ಗಳು ತೋರಿಸೋದು ಅಮೆರಿಕದ ಅಳತೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್ ನಮ್ಮದನ್ನು ತೋರಿಸುತ್ತೆ. ನಮ್ಮ ಸೂಚ್ಯಂಕ 500ಕ್ಕೆ ನಿಂತುಬಿಡುವುದರಿಂದ ‘ದೆಹಲಿಯಲ್ಲಿ 1,000 ದಾಟಿತು’ ಎಂಬ ಸುದ್ದಿಯೂ ‘494’ ಎಂಬ ಸರ್ಕಾರಿ ಲೆಕ್ಕವೂ ಒಂದೇ ದಿನ ಬರೋದುಂಟು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ 24 ಗಂಟೆಯ ಮಿತಿ 15, ನಮ್ಮದು 60. ‘ತೃಪ್ತಿಕರ’ ಅಂದರೆ ಯಾರ ತೃಪ್ತಿ ಅಂತ ಕೇಳೋ ಹಕ್ಕು ನಮಗಿದೆ.

ಇನ್ನೊಂದು ತೊಡಕು: ಸರ್ಕಾರಿ ಎಕ್ಯೂಐನಲ್ಲಿ ಕಣಗಳ ಲೆಕ್ಕ ಹಿಂದಿನ 24 ಗಂಟೆಯ ಸರಾಸರಿ. ಈಗ ಹೊರಗೆ ಹೋಗಬಹುದಾ ಎಂಬ ಪ್ರಶ್ನೆಗೆ ಅದು ನೇರ ಉತ್ತರವಲ್ಲ. ನಾನು ನೋಡೋದು ಹತ್ತಿರದ ಮಾಪನ ಕೇಂದ್ರದ, ಈ ಗಂಟೆಯ ಪಿಎಂ 2.5 ಮಾತ್ರ. ಜಯನಗರದವರು ಪೀಣ್ಯದ ನಂಬರ್ ನೋಡಿ ಹೆದರಬೇಕಿಲ್ಲ. ಅಷ್ಟಾದರೂ ಯಂತ್ರಕ್ಕೆ ನಿಮ್ಮ ಬೀದಿ ಗೊತ್ತಿಲ್ಲ. ಮೂಲೆಯಲ್ಲಿ ಯಾರೋ ಒಣಗಿದೆಲೆ ರಾಶಿಗೆ ಬೆಂಕಿ ಹಾಕಿದ್ದರೆ ಆ್ಯಪ್ ಹಸಿರಿದ್ದರೂ ಹಿಂದಕ್ಕೆ ತಿರುಗಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಫೆಬ್ರವರಿಯಲ್ಲಿ ಎಲೆ ಉದುರುವ ಹೊತ್ತಿಗೆ ನಮ್ಮ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿದರೆ ಆ ಆದೇಶದ ಗತಿ ಕಾಣುತ್ತೆ.

ಇಷ್ಟು ತಿಳಿದ ಮೇಲೆ ನಾನು ಪಾಲಿಸೋದು ಹೀಗೆ. ಪಿಎಂ 2.5 60ರೊಳಗಿದ್ದರೆ ಎಂದಿನಂತೆ. 60ರಿಂದ 90ರವರೆಗೆ, ಅಂದರೆ ನಮ್ಮ ಎಕ್ಯೂಐ 200ರವರೆಗೆ, ನಡಿಗೆ ಸರಿ, ನಿಧಾನದ ಓಟವೂ ಸರಿ. ಏದುಸಿರು ಬರಿಸುವ ಓಟ ಬೇಡ. ಅಸ್ತಮಾ, ಹೃದ್ರೋಗ ಇರುವವರು, ಗರ್ಭಿಣಿಯರು ಇಲ್ಲಿಂದಲೇ ವೇಗ, ಸಮಯ ಎರಡನ್ನೂ ಇಳಿಸಬೇಕು. 90 ದಾಟಿ 120ರವರೆಗೆ, ಎಕ್ಯೂಐ 300ರವರೆಗೆ, ಅರ್ಧ ಗಂಟೆ ನಡಿಗೆಗೆ ನಿಲ್ಲಿಸ್ತೀನಿ. ಕಾಯಿಲೆ ಇರುವವರು ಮನೆಯೊಳಗೆ. ಅದರ ಮೇಲೆ ಯಾರಿಗೂ ಹೊರಗಿನ ವ್ಯಾಯಾಮ ಬೇಡ. 400 ದಾಟಿದರೆ ಸಣ್ಣ ಶ್ರಮದಲ್ಲೂ ತೊಂದರೆಯಾಗಬಹುದು ಅಂತ ಸೂಚ್ಯಂಕದ ಸರ್ಕಾರಿ ವಿವರಣೆಯೇ ಎಚ್ಚರಿಸುತ್ತೆ. ಬೆಂಗಳೂರು, ಮೈಸೂರಿನಲ್ಲಿ ಈ ಕೊನೆಯ ಹಂತಕ್ಕೆ ಹೋಗೋದು ಅಪರೂಪ, ದೀಪಾವಳಿ ರಾತ್ರಿ ಬಿಟ್ಟರೆ. ನಮ್ಮ ಹೆಚ್ಚಿನ ಚಳಿಗಾಲದ ದಿನಗಳಿಗೆ ಉತ್ತರ ‘ಹೋಗಿ, ಆದರೆ ಹೊತ್ತು, ಬೀದಿ, ವೇಗ ಬದಲಿಸಿ’ ಅನ್ನೋದೇ.

ಸ್ಪರ್ಧೆಗಳ ಮಾತು ಬೇರೆ. 2017ರ ನವೆಂಬರ್ 19ರಂದು ದೆಹಲಿ ಹಾಫ್ ಮ್ಯಾರಥಾನ್ ನಡೆಯಿತು. ಭಾರತೀಯ ವೈದ್ಯಕೀಯ ಸಂಘ ಬೇಡ ಅಂದಿತ್ತು, ಹೈಕೋರ್ಟ್ ತಡೆಯಲಿಲ್ಲ. ಎರಡು ವಾರದ ನಂತರ ಅದೇ ಊರಿನ ಕೋಟ್ಲಾ ಮೈದಾನದಲ್ಲಿ ಶ್ರೀಲಂಕಾ ಆಟಗಾರರು ಮಾಸ್ಕ್ ಹಾಕಿ ಫೀಲ್ಡಿಂಗ್ ಮಾಡಿದರು, ನಾವು ಅದನ್ನು ನಾಟಕ ಅಂದು ನಕ್ಕೆವು. ಆ ಓಟ ಈಗ ಅಕ್ಟೋಬರ್‌ನಲ್ಲಿ ನಡೆಯುತ್ತೆ.

ಮಾಸ್ಕ್ ವಿಚಾರ: ಬಟ್ಟೆಯದು, ಸಡಿಲವಾದ ಸರ್ಜಿಕಲ್ ಮಾಸ್ಕ್ ಇದಕ್ಕೆ ಆಗಲ್ಲ. ಮುಖಕ್ಕೆ ಸರಿಯಾಗಿ ಕೂತ ಎನ್95 ಕಣಗಳನ್ನು ತಡೆಯುತ್ತೆ, ಅನಿಲಗಳನ್ನು ಅಲ್ಲ. ನಡಿಗೆಗೆ ಹಾಕಬಹುದು. ಅದನ್ನು ಹಾಕಿಕೊಂಡು ಓಡೋದು ಹಿಂಸೆ. ಓಡಲೇಬೇಕು ಅನ್ನಿಸಿದ ದಿನ ಮನೆಯೊಳಗೆ ಹಗ್ಗ ಜಿಗಿಯಿರಿ, ಮೆಟ್ಟಿಲು ಹತ್ತಿ. ಆದರೆ ಊದಿನಕಡ್ಡಿ, ಸೊಳ್ಳೆಬತ್ತಿ ಉರಿಯುತ್ತಿರುವ ಕೋಣೆ ಹೊರಗಿಗಿಂತ ಕೆಟ್ಟದಾಗಿರಬಹುದು. ರಸ್ತೆಗೆ ತೆರೆದ ಬಾಲ್ಕನಿಯಲ್ಲಿ ಬೆಳಗ್ಗೆ ಎಂಟಕ್ಕೆ ಕಪಾಲಭಾತಿ ಮಾಡುವವರಿಗೂ ಇದೇ ಮಾತು.

ಮಕ್ಕಳದ್ದು ಮಾತ್ರ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಮೈತೂಕಕ್ಕೆ ಹೋಲಿಸಿದರೆ ಅವರು ನಮಗಿಂತ ಹೆಚ್ಚು ಗಾಳಿ ಎಳೆದುಕೊಳ್ತಾರೆ, ಶ್ವಾಸಕೋಶ ಇನ್ನೂ ಬೆಳೀತಿರುತ್ತೆ. ನಮ್ಮ ಅನೇಕ ಶಾಲೆಗಳ ಕ್ರೀಡಾಕೂಟ ಬರೋದು ಡಿಸೆಂಬರ್, ಜನವರಿಯಲ್ಲಿ, ತಾಲೀಮು ಬೆಳಗ್ಗೆ ಏಳಕ್ಕೆ, ಮಣ್ಣಿನ ಮೈದಾನದಲ್ಲಿ. ತಾಲೀಮನ್ನು ಕೊನೆಯ ಪೀರಿಯಡ್‌ಗೆ ಹಾಕಿ, ಮೈದಾನಕ್ಕೆ ನೀರು ಚಿಮುಕಿಸಿ ಅಂತ ಪೋಷಕರ ಸಭೆಯಲ್ಲಿ ಕೇಳಿ. ದೊಡ್ಡ ಖರ್ಚಿನ ಬೇಡಿಕೆಯೇನಲ್ಲ.

ಅಸ್ತಮಾ ಇರುವವರು, ದೊಡ್ಡವರಾಗಲಿ ಮಕ್ಕಳಾಗಲಿ, ವೈದ್ಯರು ಕೊಟ್ಟ ಇನ್‌ಹೇಲರ್ ಜೇಬಲ್ಲೇ ಇಟ್ಟುಕೊಂಡು ಹೊರಡಲಿ. ನಡೆಯುವಾಗ ಎದೆ ಬಿಗಿದರೆ, ಸುಯ್ ಸುಯ್ ಶಬ್ದ ಬಂದರೆ, ಎಂದಿಗಿಂತ ಬೇಗ ಏದುಸಿರು ಬಂದರೆ, ತಲೆ ಸುತ್ತಿದರೆ ‘ಇನ್ನೊಂದು ರೌಂಡ್ ಮುಗಿಸಿಬಿಡೋಣ’ ಅಂದುಕೊಳ್ಳಬೇಡಿ. ಅಲ್ಲೇ ಕೂತು, ಯಾರಿಗಾದರೂ ಫೋನ್ ಮಾಡಿ. ಕೂತ ಮೇಲೂ ಎದೆನೋವು, ಉಬ್ಬಸ ಇಳಿಯದಿದ್ದರೆ ಮನೆಗಲ್ಲ, ಆಸ್ಪತ್ರೆಗೆ ಹೋಗಿ.