ಆಟಗಾರರ ಸ್ವಹಸ್ತಾಕ್ಷರಗಳು

ನಾಣ್ಯಗಳನ್ನೂ ಅಂಚೆಚೀಟಿಗಳನ್ನೂ ಕೂಡಿಡುವವರಂತೆಯೇ ಪ್ರಸಿದ್ಧ ಆಟಗಾರರ ಸಹಿಗಳನ್ನೂ, ಅವರು ಸಹಿ ಮಾಡಿದ ದಾಂಡು ಚೆಂಡು ಅಂಗಿಗಳನ್ನೂ ಕೂಡಿಡುವವರು ಲೋಕದಲ್ಲಿ ಬಹುಮಂದಿ ಇರುವರು. ಪಾವಗಡ ಸೀಮೆಯ ವೈ.ಎನ್. ಹೊಸಕೋಟೆಯಂಥ ಗಡಿಯ ಊರುಗಳಲ್ಲಿಯೂ ಬಾಲಕರಿಗೆ ಈ ಆಸೆ ಇಲ್ಲದಿಲ್ಲ. ಇದು ಪರದೇಶದಿಂದ ಬಂದ ಹುಚ್ಚು, ಓದಿಗೆ ಅಡ್ಡಿ ಎಂದು ಹಿರಿಯರು ಗದರಿಸುವುದುಂಟು. ಸಹಿಯ ಪುಸ್ತಕವು ಹೊರಗಿನಿಂದ ಬಂದುದೆಂಬುದು ನಿಜ. ಆದರೆ ಸಹಿಗೆ ಸಲ್ಲುವ ಗೌರವವು ಹೊರಗಿನದಲ್ಲ. ಅದನ್ನು ಪರೀಕ್ಷಿಸುವ ಕ್ರಮವೂ ನಮ್ಮವರಿಗೆ ಹೊಸದಲ್ಲ.

ಅರಸನು ಭೂದಾನ ಮಾಡಿದಾಗ ವಸ್ತ್ರದ ಮೇಲಾಗಲಿ ತಾಮ್ರಪಟದ ಮೇಲಾಗಲಿ ಬರೆಯಿಸಿ, ತನ್ನ ಮುದ್ರೆಯನ್ನೊತ್ತಿ, ಸ್ವಹಸ್ತವನ್ನೂ ಕಾಲವನ್ನೂ ಸೇರಿಸಿ ಶಾಸನವನ್ನು ಸ್ಥಿರಪಡಿಸಬೇಕೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಸಾಲಪತ್ರದಲ್ಲಿಯೂ ಸಾಲಗಾರನು ತನ್ನ ಹೆಸರನ್ನೂ ತಂದೆಯ ಹೆಸರನ್ನೂ ತನ್ನ ಕೈಯಿಂದಲೇ ಬರೆದು ಒಪ್ಪಿಕೊಳ್ಳಬೇಕು. ಸಾಕ್ಷಿಗಳೂ ಹಾಗೆಯೇ ಬರೆಯಬೇಕು. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕನ್ನಡನಾಡಿನ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದವನು. ಕ್ರಿ.ಶ. 628ರ ಬಾನ್ಸ್‌ಖೇರಾ ತಾಮ್ರಪಟದ ಕೊನೆಯಲ್ಲಿ ಹರ್ಷಚಕ್ರವರ್ತಿಯ ಸಹಿಯು ಅಲಂಕೃತವಾದ ಲಿಪಿಯಲ್ಲಿದ್ದು, ಅದು ಅವನ ಕೈಬರಹದ ಪ್ರತಿಕೃತಿಯೆಂದು ವಿದ್ವಾಂಸರು ಭಾವಿಸಿರುವರು. ವಿಜಯನಗರದ ಸಂಗಮವಂಶದ ಅರಸರ ತಾಮ್ರಶಾಸನಗಳಲ್ಲಿ ಪಾಠವು ಸಂಸ್ಕೃತದಲ್ಲಿ, ನಂದಿನಾಗರಿ ಲಿಪಿಯಲ್ಲಿ ಇದ್ದರೂ, ಕೊನೆಯಲ್ಲಿ ಬರುವ ‘ಶ್ರೀ ವಿರೂಪಾಕ್ಷ’ ಎಂಬ ಒಪ್ಪವು ಕನ್ನಡ ಲಿಪಿಯಲ್ಲಿರುವುದು. ಪಾಠವನ್ನು ಕವಿಯು ರಚಿಸಬಹುದು, ಶಿಲ್ಪಿಯು ಕೆತ್ತಬಹುದು. ಒಪ್ಪ ಮಾತ್ರ ಒಡೆಯನದು. ಒಪ್ಪವು ಇಲ್ಲಿ ಅಲಂಕಾರವಲ್ಲ, ಪ್ರಮಾಣ.

ಪತ್ರದಲ್ಲಿ ಸಂದೇಹ ಬಂದರೆ ಏನು ಮಾಡಬೇಕು? ಅದಕ್ಕೂ ಯಾಜ್ಞವಲ್ಕ್ಯನಲ್ಲಿ ಉತ್ತರವಿದೆ. ಅದೇ ಮನುಷ್ಯನು ಸ್ವಹಸ್ತದಿಂದ ಬರೆದ ಬೇರೆ ಬರಹದೊಡನೆ ಹೋಲಿಸಿ ನೋಡಬೇಕು. ಪತ್ರವು ಕೈಗೆ ಬಂದ ಬಗೆಯನ್ನೂ ಸಂಬಂಧವನ್ನೂ ವಿಚಾರಿಸಬೇಕು. ಇಂದು ದೊಡ್ಡ ದೊಡ್ಡ ಹರಾಜುಮನೆಗಳ ಪರೀಕ್ಷಕರು ಮಾಡುತ್ತಿರುವುದೂ ಇಷ್ಟೇ.

ಸಹಿಸಂಗ್ರಹದ ಚರಿತ್ರೆಯಲ್ಲಿ ಸ್ವಾರಸ್ಯವಾದ ಒಂದು ಪ್ರಸಂಗವಿದೆ. 1933-34ರಲ್ಲಿ ಡಗ್ಲಾಸ್ ಜಾರ್ಡೀನರ ನಾಯಕತ್ವದಲ್ಲಿ ಇಂಗ್ಲೆಂಡಿನ ಎಂ.ಸಿ.ಸಿ. ತಂಡವು ಭಾರತಕ್ಕೆ ಬಂದಿತು. ಕ್ರಿಕೆಟ್ ಆಟಗಾರ ವಿಜಯ ಮರ್ಚೆಂಟರ ಸಹೋದರಿ ಲಕ್ಷ್ಮಿಯವರು ಆ ತಂಡದ ಹದಿನಾರು ಮಂದಿಯ ಸಹಿಗಳನ್ನು ತಮ್ಮ ಪುಸ್ತಕದ ಒಂದು ಪುಟದಲ್ಲಿ ಪಡೆದಿದ್ದರು. ಮುಂದೆ ಅದೇ ಪುಸ್ತಕವನ್ನು ಗಾಂಧೀಜಿಯವರ ಮುಂದೆ ಹಿಡಿದಾಗ, ಅವರು ಪುಟಗಳನ್ನು ತಿರುವಿ, ಆ ಪಟ್ಟಿಯ ಕೆಳಗೆ ಹದಿನೇಳನೆಯವರಾಗಿ ತಮ್ಮ ಹೆಸರನ್ನು ಬರೆದುಬಿಟ್ಟರು! ಆ ಕಾಲದಲ್ಲಿ ಗಾಂಧೀಜಿಯವರು ತಮ್ಮ ಸಹಿಗೆ ಐದು ರೂಪಾಯಿ ತೆಗೆದುಕೊಂಡು ಅದನ್ನು ಹರಿಜನ ನಿಧಿಗೆ ಸೇರಿಸುತ್ತಿದ್ದುದು ಪ್ರಸಿದ್ಧವಾಗಿದೆ. ಒಂದೇ ಪುಟದಲ್ಲಿ ಆಳುವವರ ನಾಡಿನ ಆಟಗಾರರೂ ಆಳ್ವಿಕೆಯನ್ನು ಪ್ರತಿಭಟಿಸಿದವರೂ ಕೂಡಿರುವುದರಿಂದ ಆ ಪುಟವೇ ಒಂದು ಚರಿತ್ರೆಯಾಯಿತು. ಆದರೆ ಪುಸ್ತಕವು ಯಾರದು, ಸಹಿಗಳು ಯಾವ ಪ್ರವಾಸದವು ಎಂಬುದು ಮರೆತುಹೋಗಿದ್ದರೆ ಹದಿನೇಳನೆಯ ಹೆಸರಿನ ವಿನೋದವು ಯಾರಿಗೆ ತಿಳಿಯುತ್ತಿತ್ತು?

ಕನ್ನಡನಾಡಿನ ಒಂದು ಉದಾಹರಣೆಯನ್ನು ನೋಡಬಹುದು. ಬೆಂಗಳೂರಿನಲ್ಲಿ ಮೊದಲ ಟೆಸ್ಟ್ ಪಂದ್ಯವು 1974ನೆಯ ನವೆಂಬರ್ 22ರಂದು ವೆಸ್ಟ್ ಇಂಡೀಸ್ ತಂಡದೊಡನೆ ಆರಂಭವಾಯಿತು. ಗಾರ್ಡನ್ ಗ್ರೀನಿಜ್, ವಿವಿಯನ್ ರಿಚರ್ಡ್ಸ್ ಇಬ್ಬರಿಗೂ ಅದೇ ಮೊದಲ ಟೆಸ್ಟು. ಗ್ರೀನಿಜರು 93 ಮತ್ತು 107 ಓಟಗಳನ್ನು ಗಳಿಸಿದರು. ರಿಚರ್ಡ್ಸರಾದರೋ 4 ಮತ್ತು 3 ಓಟಗಳಿಗೆ ಎರಡು ಸರದಿಯಲ್ಲಿಯೂ ಮೈಸೂರಿನ ಚಂದ್ರಶೇಖರರ ಬೌಲಿಂಗಿಗೆ ಬಲಿಯಾದರು. ಅಂದು ಯಾರಾದರೂ ಬಾಲಕನು ರಿಚರ್ಡ್ಸರ ಸಹಿಯನ್ನು ಪಡೆದಿದ್ದರೆ ಅದು ಕೀರ್ತಿಯ ಸಹಿಯಲ್ಲ, ಸೋತು ಹಿಂದಿರುಗಿದ ಇಪ್ಪತ್ತೆರಡರ ತರುಣನ ಸಹಿ. ದಿನಾಂಕವನ್ನು ಪಕ್ಕದಲ್ಲಿ ಬರೆದಿಟ್ಟಿದ್ದರೆ ಅದಕ್ಕೆ ಈಗ ಸಮಾನವಾದುದು ದುರ್ಲಭ. ಬರೆದಿಡದಿದ್ದರೆ ಅದು ಆತನ ಸಾವಿರಾರು ಸಹಿಗಳಲ್ಲಿ ಒಂದು ಮಾತ್ರ.

ಬೆಲೆ ಹೆಚ್ಚಿದಲ್ಲಿ ವಂಚನೆಯೂ ಹುಟ್ಟುವುದು ಸಹಜ. 2020ರ ಜನವರಿಯಲ್ಲಿ ಶೇನ್ ವಾರ್ನ್ ಅವರ ಟೆಸ್ಟ್ ಟೋಪಿಯು ಕಾಡ್ಗಿಚ್ಚಿನ ಸಂತ್ರಸ್ತರ ನೆರವಿಗಾಗಿ 10,07,500 ಆಸ್ಟ್ರೇಲಿಯದ ಡಾಲರುಗಳಿಗೆ ಹರಾಜಾಯಿತು. ಕರ್ನಾಟಕದ ಕೆ.ಎಲ್. ರಾಹುಲರು 2024ರಲ್ಲಿ ಮಕ್ಕಳ ಹಿತಕ್ಕಾಗಿ ನಡೆಸಿದ ಹರಾಜಿನಲ್ಲಿ ವಿರಾಟ್ ಕೊಹ್ಲಿಯವರ ಅಂಗಿಯೊಂದಕ್ಕೆ 40 ಲಕ್ಷ ರೂಪಾಯಿ ಬಂದಿತು. ಇವು ಸತ್ಕಾರ್ಯಗಳು. ಆದರೆ ಇಂಥ ಬೆಲೆಗಳನ್ನು ಕಂಡು ಕಳ್ಳಸಹಿಯ ಕಸುಬು ಬೆಳೆಯಿತು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಕೇಂದ್ರ ತನಿಖಾದಳವು ‘ಆಪರೇಷನ್ ಬುಲ್‌ಪೆನ್’ ಎಂಬ ಹೆಸರಿನಿಂದ ಶೋಧಿಸಿದಾಗ ಕಳ್ಳಸಹಿಯ ದೊಡ್ಡ ಜಾಲವೇ ಸಿಕ್ಕಿಬಿದ್ದಿತು. ವಶಪಡಿಸಿಕೊಂಡ ವಸ್ತುಗಳಲ್ಲಿ ಮದರ್ ತೆರೇಸರ ಹೆಸರಿನ ಕಳ್ಳಸಹಿಯುಳ್ಳ ಬೇಸ್‌ಬಾಲ್ ಚೆಂಡೂ ಇತ್ತು!

ಇಂಥ ಮೋಸವನ್ನು ಪತ್ತೆಹಚ್ಚುವುದು ಹೇಗೆ? ಮೊದಲನೆಯದು ಲೇಖನಿಯ ಕಾಲ. ಬಾಲ್‌ಪೆನ್ನು ಮಾರುಕಟ್ಟೆಗೆ ಬಂದುದು 1940ರ ದಶಕದಲ್ಲಿ. ದಪ್ಪಮೊನೆಯ ಮಾರ್ಕರ್ ಪೆನ್ನು ಹರಡಿದುದು ಅದಕ್ಕೂ ಈಚೆಗೆ. ಆದುದರಿಂದ 1933ರದೆಂದು ಹೇಳುವ ಸಹಿಯು ಬಾಲ್‌ಪೆನ್ನಿನದಾಗಿದ್ದರೆ ಮುಂದೆ ವಿಚಾರಿಸಬೇಕಾದುದೇ ಇಲ್ಲ. ಎರಡನೆಯದು ಗೆರೆಯ ನಡಿಗೆ. ತನ್ನ ಹೆಸರನ್ನು ತಾನು ಬರೆಯುವವನ ಕೈ ಅಳುಕದೆ ಓಡುವುದು. ನಕಲು ಮಾಡುವವನ ಕೈ ನಿಧಾನವಾಗಿ, ಅಲ್ಲಲ್ಲಿ ನಿಂತು, ನಡುಗುತ್ತ ಹೋಗುವುದು. ಮೂರನೆಯದು ಅಚ್ಚು. ಚಿತ್ರದೊಡನೆಯೇ ಮುದ್ರಿತವಾದ ಸಹಿಯನ್ನು ಭೂತಗನ್ನಡಿಯಿಂದ ನೋಡಿದರೆ ಚುಕ್ಕೆಗಳು ಕಾಣುವುದುಂಟು. ಹೊಸಕೋಟೆಯ ಜನರಿಗೆ ಈ ವಿದ್ಯೆಯನ್ನು ಹೆಚ್ಚು ಬೋಧಿಸಬೇಕಾಗಿಲ್ಲ. ರೇಷ್ಮೆ ಸೀರೆಯ ಮಗ್ಗದಲ್ಲಿ ಪಳಗಿದ ನೇಕಾರನು ಅಂಚನ್ನೂ ಸೆರಗನ್ನೂ ಬೆರಳಿನಲ್ಲಿ ಹಿಡಿದು ನೋಡಿ ಕೈಯ ಕೆಲಸವಾವುದು, ಯಂತ್ರದ ಕೆಲಸವಾವುದೆಂದು ತಿಳಿಯಬಲ್ಲನು. ಅಂಥ ಕಣ್ಣೇ ಇಲ್ಲಿಯೂ ಬೇಕು.

ಆದರೆ ಕಳ್ಳಸಹಿಗಿಂತ ದೊಡ್ಡ ನಷ್ಟವೊಂದಿದೆ; ಅದು ನಿಜವಾದ ಸಹಿಯು ಅನಾಥವಾಗುವುದು. 1948ನೆಯ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಕಾಲ್ಚೆಂಡಿನ ತಂಡವು ಫ್ರಾನ್ಸಿನೊಡನೆ 2-1ರಿಂದ ಸೋತಿತು. ತಂಡದ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು. ಅಂದು ಭಾರತದ ಏಕೈಕ ಗೋಲನ್ನು ಹೊಡೆದವರು ಸಾರಂಗಪಾಣಿ ರಾಮನ್. ಅವರೊಡನೆ ಆಡಿದ ಅಹ್ಮದ್ ಖಾನರು ಬೆಂಗಳೂರಿನವರು. ಅಂಥವರು ಸಹಿ ಮಾಡಿದ ಕಾಗದವೊಂದು ಯಾರದೋ ಮನೆಯ ಪೆಟ್ಟಿಗೆಯ ತಳದಲ್ಲಿದ್ದು, ಅದು ಯಾವ ದಿನದ್ದು, ಯಾರ ಕೈಗೆ ಬಂದುದು ಎಂಬ ಒಂದು ಸಾಲೂ ಇಲ್ಲದಿದ್ದರೆ, ಮೊಮ್ಮಕ್ಕಳು ಅದನ್ನು ರದ್ದಿಗೆ ಹಾಕಿದಲ್ಲಿ ಅವರನ್ನು ದೂರುವಂತಿಲ್ಲ. ಸ್ಮೃತಿಕಾರನು ಸ್ವಹಸ್ತದೊಡನೆ ಕಾಲವನ್ನೂ ಬರೆಯಬೇಕೆಂದು ವಿಧಿಸಿದ್ದು ವ್ಯರ್ಥವಾಗಿ ಅಲ್ಲ.

ಆದುದರಿಂದ ಸಂಗ್ರಾಹಕನಿಗೆ ಮೊದಲ ಕರ್ತವ್ಯವು ಸಹಿಯನ್ನು ಪಡೆಯುವುದಲ್ಲ, ಪಡೆದುದರ ವೃತ್ತಾಂತವನ್ನು ಬರೆದಿಡುವುದು. ಹಾಳೆಯ ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ದಿನ, ಸ್ಥಳ, ಪಂದ್ಯ, ಜೊತೆಯಲ್ಲಿದ್ದವರ ಹೆಸರು ಇಷ್ಟನ್ನು ಬರೆದರೆ ಸಾಕು. ಬಿಸಿಲು ಶಾಯಿಯನ್ನು ತಿನ್ನುವುದರಿಂದ ಅದನ್ನು ಗೋಡೆಗೆ ತೂಗಹಾಕದೆ ಕತ್ತಲಲ್ಲಿಡಬೇಕು, ಅಂಟು ಹಚ್ಚಬಾರದು. ಇನ್ನು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಶಾಲೆಗಳಲ್ಲಿ ತಾಲ್ಲೂಕಿನ ಆಟಗಳಲ್ಲಿ ಗೆದ್ದ ಬಾಲಕ ಬಾಲಕಿಯರ ಗುಂಪಿನ ಚಿತ್ರಗಳನ್ನು ತೆಗೆಸುವಾಗ, ಚಿತ್ರದ ಹಿಂಬದಿಯಲ್ಲಿ ಒಬ್ಬೊಬ್ಬರಿಂದಲೂ ಅವರವರ ಹೆಸರನ್ನು ಅವರವರ ಕೈಯಿಂದಲೇ, ಕನ್ನಡದಲ್ಲಿಯೇ ಬರೆಯಿಸಿ, ವರ್ಷವನ್ನು ಸೇರಿಸಿಡುವುದು ಯೋಗ್ಯ. ಅದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ಅವರಲ್ಲಿ ಮುಂದೆ ಯಾರು ಪ್ರಸಿದ್ಧರಾಗುವರೋ ಬಲ್ಲವರಿಲ್ಲ. ಯಾರೂ ಪ್ರಸಿದ್ಧರಾಗದಿದ್ದರೂ ಆ ಊರಿನ ಆ ವರ್ಷದ ಆಟಗಾರರು ಯಾರೆಂಬುದಕ್ಕೆ ಅವರ ಸ್ವಹಸ್ತವೇ ಸಾಕ್ಷಿಯಾಗಿ ಉಳಿಯುವುದು.