ಗುಂಡಿನ ನೆಲೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಗಳಲ್ಲಿ ಘಟ್ಟದ ತಪ್ಪಲಿಗೆ ತಾಗಿರುವ ತೋಟದ ಮನೆಗಳಲ್ಲಿ ಒಂಟಿ ನಳಿಗೆಯ ಕೇಪಿನ ಕೋವಿಯನ್ನು ನಾವು ಇಂದಿಗೂ ಕಾಣಬಹುದು. ಬೆಳೆಯ ರಕ್ಷಣೆಗೆಂದು ಸರ್ಕಾರದ ಪರವಾನಗಿ ಪಡೆದ ಕೋವಿ ಅದು. 1972ರ ವನ್ಯಜೀವಿ ಕಾಯಿದೆಯ ತರುವಾಯ ಹಂದಿಯನ್ನು ಕೊಲ್ಲುವುದಕ್ಕಿಂತ ಸದ್ದಿನಿಂದ ಬೆದರಿಸುವುದೇ ಅದರ ಮುಖ್ಯ ಕೆಲಸವಾಗಿದೆ. ಈ ಕೋವಿಗೆ ತೋಟಾ ಇಲ್ಲ. ಪ್ರತಿಯೊಂದು ಈಡಿಗೂ ಮದ್ದನ್ನು ಅಳೆದು ಬಾಯಿಂದ ಸುರಿಯಬೇಕು. ತೆಂಗಿನ ಕತ್ತವನ್ನು ಇಳಿಸಬೇಕು. ಗುಂಡನ್ನೋ ಚರೆಯನ್ನೋ ಹಾಕಿ, ಮೇಲೆ ಮತ್ತೆ ಕತ್ತವಿಟ್ಟು ಗಜದಿಂದ ಗಿಡಿಯಬೇಕು. ಗುಂಡು ಎಷ್ಟು ಆಳಕ್ಕೆ ಹೋಗಿ ಕೂತಿತೆಂಬುದು ಗಿಡಿಯುವವನ ಕೈಗೆ ಬಿಟ್ಟದ್ದು. ಆ ಆಳವನ್ನು ಪ್ರತಿ ಸಲವೂ ಒಂದೇ ಸಮನಾಗಿ ಇರಿಸುವುದು ಹೇಗೆಂಬ ಪ್ರಶ್ನೆ ಮೂರು ಶತಮಾನಗಳ ಕಾಲ ಸೇನಾನಿಗಳ ನಿದ್ದೆಗೆಡಿಸಿತೆಂದರೆ ಉತ್ಪ್ರೇಕ್ಷೆಯಾಗದು.

ಈ ಕರಾವಳಿಗೆ ತುಪಾಕಿ ಹೊಸದಲ್ಲ. ಗಂಗೊಳ್ಳಿಯಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿಕೊಂಡಿದ್ದರು; ಕೆಳದಿಯ ಶಿವಪ್ಪ ನಾಯಕನು 1650ರ ದಶಕದಲ್ಲಿ ಅದನ್ನು ಅವರಿಂದ ಕಸಿದುಕೊಂಡನು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನು ಕುಂಪಣಿಯ ಸೈನ್ಯದೊಡನೆ ಕುಂದಾಪುರವನ್ನು ಹಿಡಿದು, ಹೊಸಂಗಡಿ ಘಟ್ಟವನ್ನೇರಿ ಬಿದನೂರಿಗೆ ಹೋದನು. ಕೆಲವೇ ತಿಂಗಳಲ್ಲಿ ಟಿಪ್ಪುವಿಗೆ ಸೆರೆಸಿಕ್ಕಿದನೆಂಬುದು ಬೇರೆ ಮಾತು. ಆ ಕಾಲದ ಇಂಗ್ಲಿಷ್ ಬಂದೂಕಿನ ನಳಿಗೆ ಮುಕ್ಕಾಲು ಅಂಗುಲ ಅಗಲದ್ದು. ಗುಂಡಿನ ಅಗಲ ಸುಮಾರು 0.69 ಅಂಗುಲ. ಮಸಿ ಕಟ್ಟಿದ ನಳಿಗೆಯಲ್ಲಿಯೂ ಗುಂಡು ಬೇಗ ಇಳಿಯಲೆಂದು ಈ ಸಡಿಲನ್ನು ಬೇಕೆಂದೇ ಇಟ್ಟಿದ್ದರು. ಸುಲಭವಾಗಿ ಇಳಿದ ಗುಂಡು ಸುಲಭವಾಗಿ ಜಾರಲೂಬಹುದು. ಮದ್ದಿಗೂ ಗುಂಡಿಗೂ ನಡುವೆ ಬಯಲು ಉಳಿಯಿತೆಂದರೆ, ಹೊತ್ತಿದ ಮದ್ದಿನ ಒತ್ತಡವು ನಳಿಗೆಯ ಒಂದೇ ಕಡೆಗೆ ಬಡಿದು ಅಲ್ಲಿ ಕಬ್ಬಿಣ ಉಬ್ಬೀತು. ದೈವ ಕೈಬಿಟ್ಟರೆ ನಳಿಗೆ ಸಿಡಿದು ಹಾರಿಸಿದವನ ಕೈಯನ್ನೇ ತೆಗೆದೀತು.

ಸುರುಳಿಗೆರೆ ಕೊರೆದ ನಳಿಗೆ, ಎಂದರೆ ರೈಫಲು, ಬಂದಾಗ ತೊಡಕು ಹೆಚ್ಚಿತು. ಗೆರೆಗಳನ್ನು ಕಚ್ಚಬೇಕಾದರೆ ಗುಂಡು ಬಿಗಿಯಾಗಿರಬೇಕು. ಬಿಗಿಯಾದ ಗುಂಡನ್ನು ತಳದವರೆಗೆ ದೂಡುವುದಕ್ಕೆ ಬಲವೂ ಬೇಕು, ಹೊತ್ತೂ ಬೇಕು. ಫ್ರಾನ್ಸಿನ ಡೆಲ್ವಿನ್ ಎಂಬ ಸೇನಾಧಿಕಾರಿಯು 1826ರಲ್ಲಿ ಜಾಣ್ಮೆಯ ಉಪಾಯವೊಂದನ್ನು ಮುಂದಿಟ್ಟನು: ಮದ್ದಿರುವ ತಳದ ಕೋಣೆಯನ್ನು ನಳಿಗೆಗಿಂತ ಕಿರಿದು ಮಾಡುವುದು. ಸಡಿಲವಾಗಿ ಇಳಿದ ಗುಂಡು ಕೋಣೆಯ ಅಂಚಿನ ಮೇಲೆ ತಾನಾಗಿ ನಿಲ್ಲುತ್ತಿತ್ತು; ಗಜದಿಂದ ಕೆಲವು ಏಟು ಕೊಟ್ಟರೆ ಅಗಲವಾಗಿ ಗೆರೆಗಳನ್ನು ಹಿಡಿಯುತ್ತಿತ್ತು. ಆಳ ಸದಾ ಒಂದೇ! ಆದರೆ ಏಟು ತಿಂದ ಗುಂಡಿನ ಆಕಾರ ಒಂದೇ ಆಗಿರಲಿಲ್ಲ. 1844ರ ಸುಮಾರಿಗೆ ಥೂವ್ನೆನ್ ಎಂಬುವನು ತಳದ ನಡುವೆ ಉಕ್ಕಿನ ಗೂಟವೊಂದನ್ನು ನಿಲ್ಲಿಸಿ ಗುಂಡನ್ನು ಅದರ ತಲೆಯ ಮೇಲೆ ಕೂರಿಸಿದನು. ಗೂಟ ಬಾಗುತ್ತಿತ್ತು, ಅದರ ಸುತ್ತಲಿನ ಮಸಿಯನ್ನು ತೆಗೆಯುವುದು ಸಿಪಾಯಿಗೆ ದೊಡ್ಡ ಕಾಟವಾಗಿತ್ತು. ನಮ್ಮ ಎಣಿಕೆಯಲ್ಲಿ ಈ ಇಬ್ಬರಿಗೂ ಸಲ್ಲಬೇಕಾದ ಕೀರ್ತಿ 1849ರ ಮಿನಿಯೆ ಗುಂಡಿನ ಪಾಲಾಯಿತು. ಅದರ ತಳ ಟೊಳ್ಳು. ಮದ್ದಿನ ಮೇಲೆ ಸುಮ್ಮನೆ ಕೂತು, ಹೊಗೆಯ ಒತ್ತಡದಿಂದಲೇ ಅಗಲವಾಗುತ್ತಿತ್ತು. ಅದರ ವಂಶದ್ದೇ 1853ರ ಎನ್‌ಫೀಲ್ಡ್ ಕೋವಿಯ ಗುಂಡು. ಅದರ ಕೊಬ್ಬು ಸವರಿದ ಕಾಗದದ ತೋಟಾ 1857ರಲ್ಲಿ ಏನನ್ನು ಹೊತ್ತಿಸಿತೆಂಬುದನ್ನು ಇಲ್ಲಿ ಹೇಳಬೇಕಾಗಿಲ್ಲ.

1866ರಲ್ಲಿ ಬಾಕ್ಸರನ ಹಿತ್ತಾಳೆ ತೋಟಾ ಬಂದ ಮೇಲೆ ಗುಂಡನ್ನು ಕೂರಿಸುವ ಕೆಲಸ ಸಿಪಾಯಿಯ ಕೈಬಿಟ್ಟು ಕಾರ್ಖಾನೆಗೆ ಹೋಯಿತು. ಹಳೆಯ ತೋಟಾಕ್ಕೆ ತಾವೇ ಮದ್ದು, ಗುಂಡು ತುಂಬಿಕೊಳ್ಳುವ ಗುರಿಕಾರರಿಂದಾಗಿ ಹೊರದೇಶಗಳಲ್ಲಿ ಅದು ಮರಳಿ ಮನೆಗೆ ಬಂದಿದೆ. ಹಳೆಯ ಪ್ರಶ್ನೆಯೂ ಜೊತೆಗೆ ಬಂದಿದೆ. ಗುಂಡು ತೋಟಾದ ಕೊರಳಿನೊಳಗೆ ಹೆಚ್ಚು ಇಳಿದರೆ ಮದ್ದಿನ ಜಾಗ ಕುಗ್ಗಿ ಒತ್ತಡವೇರುತ್ತದೆ. ಹೆಚ್ಚು ಹೊರಚಾಚಿದರೆ ಮೊದಲೇ ಗೆರೆಗಳಿಗೆ ಒತ್ತಿಕೊಂಡು, ಆಗಲೂ ಒತ್ತಡವೇರುತ್ತದೆ. ಇವರು ಅಂಗುಲದ ಸಾವಿರದೊಂದು ಪಾಲಿನ ಲೆಕ್ಕದಲ್ಲಿ ಅಳೆಯುತ್ತಾರೆ. ಮೊನೆಯಿಂದ ಅಳೆಯುವವನು ಮೋಸಹೋಗುತ್ತಾನೆ, ಏಕೆಂದರೆ ಒಂದೇ ಪೆಟ್ಟಿಗೆಯ ಗುಂಡುಗಳ ಮೊನೆಗಳೂ ಒಂದೇ ಉದ್ದವಿರುವುದಿಲ್ಲ. ಗೆರೆಯನ್ನು ಮೊದಲು ಮುಟ್ಟುವುದು ಗುಂಡಿನ ಹೆಗಲು. ಆದಕಾರಣ ತೋಟಾದ ಬುಡದಿಂದ ಹೆಗಲಿನವರೆಗೆ ಅಳತೆ ಹಿಡಿಯಬೇಕು. ಕೂರಿಸುವ ಅಚ್ಚು ಕೂಡ ಮೊನೆಯನ್ನಲ್ಲದೆ ಹೆಗಲನ್ನು ಒತ್ತಬೇಕು. ಇಷ್ಟಾದರೂ ಹಿತ್ತಾಳೆಯ ಕೊರಳುಗಳ ಬಿಗಿ ಒಂದೇ ಸಮನಿರದಿದ್ದರೆ ಒಂದು ಗುಂಡು ಮೆತ್ತಗೆ, ಇನ್ನೊಂದು ಮೊಂಡಾಗಿ ಇಳಿದು ಲೆಕ್ಕ ತಪ್ಪುತ್ತದೆ.

ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆ ಮನೆಯನ್ನು ಬಿಟ್ಟು ಹೋಗಲೇ ಇಲ್ಲ. 1861ರಲ್ಲಿ ಕೊಡವರಿಗೆ ಆಯುಧದ ನಿರ್ಬಂಧದಿಂದ ವಿನಾಯಿತಿ ದೊರೆಯಿತು. ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕುಂದಾಪುರದ ರೈತನಿಗೆ ಅಂಥ ಭಾಗ್ಯವಿರಲಿಲ್ಲ. 1878ರ ಆಯುಧ ಕಾಯಿದೆ, ಅನಂತರ 1959ರದು, ಇವುಗಳ ಪರವಾನಗಿಯಡಿಯಲ್ಲಿ ಕೇಪಿನ ಕೋವಿ ಉಳಿದುಬಂದಿತು. ಇಂಥ ಕೋವಿಯವರಿಗೆ ಅಳತೆಯ ಯಂತ್ರವಿಲ್ಲ, ಗಜವೇ ಯಂತ್ರ. ಅದಕ್ಕೆ ಎರಡು ಗೆರೆ ಕೊರೆದಿಡುವುದು ಹಳೆಯ ಉಪಾಯ. ಬರಿದಾದ ನಳಿಗೆಯೊಳಗೆ ಗಜವನ್ನು ಬಿಟ್ಟು ಬಾಯಿಯ ಮಟ್ಟಕ್ಕೆ ಒಂದು ಗೆರೆ; ವಾಡಿಕೆಯ ಅಳತೆಯ ಮದ್ದು, ಕತ್ತ, ಗುಂಡುಗಳನ್ನು ಸರಿಯಾಗಿ ಗಿಡಿದ ಮೇಲೆ ಇನ್ನೊಂದು ಗೆರೆ. ಎರಡನೆಯ ಗೆರೆ ಬಾಯಿಗಿಂತ ಮೇಲೆ ನಿಂತರೆ ಗುಂಡು ನಡುವೆ ಸಿಕ್ಕಿಕೊಂಡಿದೆ, ಇಲ್ಲವೆ ಮದ್ದನ್ನು ಎರಡು ಸಲ ಸುರಿದಾಗಿದೆ ಎಂದು ಅರ್ಥ. ಚುನಾವಣೆಯ ಕಾಲದಲ್ಲಿ ಪೊಲೀಸು ಠಾಣೆಗೆ ಒಪ್ಪಿಸಿದ್ದ ಕೋವಿ ತಿಂಗಳುಗಳ ಮೇಲೆ ಮನೆಗೆ ಮರಳಿದಾಗ, ಬಲ್ಲವನು ಮದ್ದಿನ ಬುರುಡೆಗೆ ಕೈಹಾಕುವ ಮುನ್ನ ಗಜವನ್ನು ಇಳಿಬಿಟ್ಟು ಮೊದಲನೆಯ ಗೆರೆ ಬಾಯಿಗೆ ಸರಿಯಾಗಿ ಬಂತೇ ಎಂದು ನೋಡುತ್ತಾನೆ.