ಮೇಜಿನ ಮೇಲಣ ಹೊಗೆಬಂಡಿ

ಬಾಗಲೂರಿಗೆ ಪಡುವಣ ದಿಕ್ಕಿನಲ್ಲಿ, ಯಲಹಂಕದಿಂದ ಹೊರಟು ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿ, ನಂದಿಗಳನ್ನು ಹಾದು ಚಿಕ್ಕಬಳ್ಳಾಪುರವನ್ನು ಮುಟ್ಟುವ ರೈಲುದಾರಿಯು 1915ನೆಯ ಇಸವಿಯಲ್ಲಿ ತೆರೆಯಲ್ಪಟ್ಟಿತು. ಶ್ರೀಮಾನ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಆಗ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಕಂಬಿಗಳ ನಡುವಣ ಅಂತರವು ಎರಡೂವರೆ ಅಡಿ ಮಾತ್ರ; ಕಂಬಿಯೂ ಹಗುರ, ಬಂಡಿಯೂ ಹಗುರ; ಲಘು ರೈಲ್ವೆಯೆಂದೇ ಅದರ ಹೆಸರು. ಯಲಹಂಕದ ಮೇಲೆ ಹಿಂದೂಪುರದ ಕಡೆಗೆ ಮೀಟರ್ ಗೇಜಿನ ದಾರಿಯೂ ಇದ್ದಿತು. ಈಗ ಅವೆರಡೂ ಅಳಿದು, ಐದೂವರೆ ಅಡಿಯ ಬ್ರಾಡ್‌ಗೇಜು ಅವುಗಳ ಸ್ಥಾನವನ್ನು ಆಕ್ರಮಿಸಿದೆ. ಹಳೆಯ ನಿಲ್ದಾಣದ ಕಟ್ಟಡಗಳು ಕೆಲವು ಉಳಿದಿವೆ. ಆದರೆ ಆ ಪುಟ್ಟ ಬಂಡಿಯು ಓಡುವುದನ್ನು ಕಾಣಬೇಕೆನ್ನುವವನು ಅದನ್ನು ಮೇಜಿನ ಮೇಲೆ ಓಡಿಸಿಯೇ ಕಾಣಬೇಕು.

ಮಾದರಿ ರೈಲುಗಳಲ್ಲಿ ಆಸಕ್ತರಾದವರೊಳಗೆ ಬಹುಕಾಲದಿಂದ ನಡೆದುಬಂದ ವಿವಾದವು ಇಲ್ಲಿಯೇ ತಲೆದೋರುತ್ತದೆ. ಇಂಜಿನನ್ನು ಕೈಯಾರೆ ಕಟ್ಟಬೇಕೆ, ಇಲ್ಲವೆ ಪೆಟ್ಟಿಗೆಯಿಂದ ತೆಗೆದು ಕಂಬಿಯ ಮೇಲಿಟ್ಟೊಡನೆ ಓಡುವುದನ್ನು ಕೊಳ್ಳಬೇಕೆ? ಕೊಳ್ಳುವವನು ಸೋಮಾರಿಯೆಂದು ಕಟ್ಟುವವನೂ, ಕಟ್ಟುವವನ ಇಂಜಿನು ಎಂದಿಗೂ ಓಡದೆಂದು ಕೊಳ್ಳುವವನೂ ಹೇಳುವುದುಂಟು. ಚರಿತ್ರೆಯನ್ನು ನೋಡಿದರೆ ಎರಡು ಮಾತುಗಳೂ ಪೂರ್ಣವಾಗಿ ನಿಲ್ಲವು.

ಜರ್ಮನಿಯ ಮೆರ್ಕ್ಲಿನ್ ಕಂಪೆನಿಯು 1891ರಲ್ಲಿ ಲೈಪ್ಸಿಗ್ ಜಾತ್ರೆಯಲ್ಲಿ ಆಟದ ರೈಲುಗಳ ಕಂಬಿಗೆ ಗೊತ್ತಾದ ಅಗಲಗಳನ್ನು ನಿಯಮಿಸಿ ಮಾರಾಟಕ್ಕೆ ತಂದಿತು. ಅಗಲವು ಹೀಗೆ ಗೊತ್ತಾಗದಿದ್ದರೆ ಒಬ್ಬನ ಬಂಡಿ ಇನ್ನೊಬ್ಬನ ಕಂಬಿಯ ಮೇಲೆ ಓಡುವಂತಿಲ್ಲ. ಇಂಗ್ಲೆಂಡಿನ ನಾರ್ಥಾಂಪ್ಟನ್ನಿನಲ್ಲಿ 1899ರಲ್ಲಿ ಹುಟ್ಟಿದ ಬ್ಯಾಸೆಟ್-ಲೋಕ್ ಅಂಗಡಿಯು ಸಿದ್ಧವಾದ ಬಂಡಿಗಳನ್ನೂ, ಮನೆಯಲ್ಲಿ ಅರದಿಂದ ಉಜ್ಜಿ ಜೋಡಿಸತಕ್ಕ ಎರಕದ ಬಿಡಿಭಾಗಗಳನ್ನೂ ಒಂದೇ ಕಟ್ಟೆಯ ಮೇಲೆ ಮಾರುತ್ತಿದ್ದಿತು. ಎಲ್ಲಕ್ಕಿಂತ ಕುತೂಹಲಕರವಾದುದು ಫ್ರಾಂಕ್ ಹಾರ್ನ್‌ಬಿಯ ಪ್ರಸಂಗ. ಮೆಕ್ಕಾನೋ ಎಂಬ ಜೋಡಣೆಯ ಆಟಿಕೆಯನ್ನು ಕಲ್ಪಿಸಿದ ಈತನು 1920ರಲ್ಲಿ ಹೊರತಂದ ಮೊದಲ ಕೀಲಿಬಂಡಿಯನ್ನು ಬೋಲ್ಟು ನಟ್ಟುಗಳಿಂದಲೇ ಜೋಡಿಸಿದ್ದನು. ಹುಡುಗನು ಅದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಬಹುದಾಗಿದ್ದಿತು. ಮುಂದಿನ ವರ್ಷಗಳಲ್ಲಿ ತಗಡಿನ ಕಿವಿಗಳನ್ನು ಮಡಚಿ ಸೇರಿಸುವ ಪದ್ಧತಿಯು ಬಂದು, ಬಂಡಿಯು ಬಿಚ್ಚಬಾರದ ವಸ್ತುವಾಯಿತು. 1990ರ ದಶಕದಲ್ಲಿ ಹಾರ್ನ್‌ಬಿ ಹೆಸರಿನ ಬಂಡಿಗಳ ತಯಾರಿಕೆಯು ಚೀಣಾ ದೇಶಕ್ಕೆ ಸಾಗಿದ ಮೇಲೆ ಅಂಗಡಿಯ ಇಂಜಿನು ಎಷ್ಟು ಸೂಕ್ಷ್ಮವಾಯಿತೆಂದರೆ, ಅನೇಕ ಹಳೆಯ ಕೈಗಾರರು ಬೆಸುಗೆಯ ಕೊಳ್ಳಿಯನ್ನು ಕೆಳಗಿಟ್ಟರು.

ಆದರೆ ಆ ಸೂಕ್ಷ್ಮತೆಯೆಲ್ಲ ಹೆಚ್ಚಾಗಿ ಯೂರೋಪು, ಅಮೆರಿಕ, ಜಪಾನುಗಳ ಇಂಜಿನುಗಳಿಗೆ ಮೀಸಲು. ಬಹು ಪ್ರಚಾರದಲ್ಲಿರುವ ಅಳತೆಯು ನಿಜವಸ್ತುವಿನ 87ನೆಯ ಒಂದು ಭಾಗ; ಅದರ ಕಂಬಿಯ ಅಗಲ 16.5 ಮಿಲಿಮೀಟರು. ಯೂರೋಪಿನ 1435 ಮಿಲಿಮೀಟರಿನ ದಾರಿಗೆ ಇದು ಸರಿಯಾಗಿ ಹೊಂದುತ್ತದೆ. ಭಾರತದ ಬ್ರಾಡ್‌ಗೇಜು 1676 ಮಿಲಿಮೀಟರು. ಅದಕ್ಕೆ ಸುಮಾರು 19.3 ಬೇಕು. ಅಂಗಡಿಯ ಕಂಬಿಯ ಮೇಲೆ ನಿಲ್ಲಿಸಿದ ಭಾರತದ ಇಂಜಿನಿಗೆ ಒಂಬತ್ತು ಅಂಗುಲಕ್ಕೂ ಮಿಗಿಲಾಗಿ ಕಾಲು ಕೂಡಿದಂತಾಗುತ್ತದೆ. ಬಲ್ಲವರ ಕಣ್ಣಿಗೆ ಅದು ಕುಂಟನಂತೆ ಕಾಣುತ್ತದೆ. ಚಿಕ್ಕಬಳ್ಳಾಪುರದ ಲಘು ರೈಲ್ವೆಯ ಲೆಕ್ಕವೇ ಬೇರೆ. ಅದರ 762 ಮಿಲಿಮೀಟರನ್ನು 87ರಿಂದ ಭಾಗಿಸಿದರೆ 8.76 ಬರುತ್ತದೆ. ಇನ್ನೂ ಕಿರಿದಾದ, 160ನೆಯ ಒಂದು ಭಾಗದ ಬಂಡಿಗಳಿಗಾಗಿ ಮಾರುವ ಕಂಬಿಯ ಅಗಲ 9 ಮಿಲಿಮೀಟರು! ಆದುದರಿಂದ ಬೇರೊಂದು ದೇಶದ ದೊಡ್ಡ ಇಂಜಿನಿಗೆಂದು ಮಾಡಿದ ಆ ಪುಟ್ಟ ಮೋಟಾರು, ಗಾಲಿ, ಅಡಿಗಟ್ಟುಗಳನ್ನು ಕೊಂಡುತಂದು, ಅವುಗಳ ಮೇಲೆ ದೇವನಹಳ್ಳಿಯ ದಾರಿಯ ಇಂಜಿನಿನ ಒಡಲನ್ನು ಕಟ್ಟಬಹುದು. ಇಂಥ ಕೆಲಸದಲ್ಲಿ ಕಟ್ಟುವವನೂ ಕೊಳ್ಳುವವನೂ ಒಬ್ಬನೇ.

ಒಡಲನ್ನು ಮಾತ್ರ ಯಾರೂ ಮಾಡಿಕೊಡರು. ಹಿತ್ತಾಳೆಯ ತಗಡನ್ನು ಕತ್ತರಿಸಿ ಬೆಸೆಯಬೇಕು. ಬಾಯ್ಲರು, ಹೊಗೆಗೊಳವೆ, ಗುಮ್ಮಟ ಇವೆಲ್ಲ ಲೇತಿನಲ್ಲಿ ಕಡೆಯುವ ಆಕಾರಗಳು. ಚನ್ನಪಟ್ಟಣದ ಗೊಂಬೆಗಾರನ ಕೈಗೆ ಹೊಸವಲ್ಲ. ಅಡಿಗಟ್ಟನ್ನೂ ತಾನೇ ಮಾಡಲು ಹೊರಟವನಿಗೆ ಇನ್ನೊಂದು ಪಾಠವು ಕಾದಿರುತ್ತದೆ. ಉಗಿ ಇಂಜಿನಿನ ಎಡಬಲದ ಗಾಲಿಗಳ ಹಿಡಿಗೂಟಗಳು ಒಂದೇ ನೇರದಲ್ಲಿರದೆ, ಒಂದಕ್ಕೊಂದು ಕಾಲು ಸುತ್ತು ಹಿಂದುಮುಂದಾಗಿರುತ್ತವೆ. ಒಂದು ಪಕ್ಕದ ಪಿಸ್ಟನ್ನು ತುದಿಯನ್ನು ಮುಟ್ಟಿ ತಳ್ಳಲಾರದಿರುವ ಕ್ಷಣದಲ್ಲಿ ಇನ್ನೊಂದು ಪಕ್ಕದ್ದು ಪೂರ್ಣಬಲದಿಂದ ತಳ್ಳಬೇಕು. ಇಲ್ಲವಾದರೆ ನಿಂತ ಇಂಜಿನು ನಿಂತೇ ಇದ್ದೀತು. ಮಾದರಿಯಲ್ಲಿ ಉಗಿಯಿಲ್ಲ, ತಿರುಗಿಸುವುದು ವಿದ್ಯುತ್ತು. ಆದರೂ ಎಲ್ಲ ಅಚ್ಚುಗಳಲ್ಲಿಯೂ ಈ ಕೋನವು ಸಮನಾಗಿರದಿದ್ದರೆ ಗಾಲಿಗಳನ್ನು ಕೂಡಿಸುವ ಸಲಾಕೆಗಳು ಬಿಗಿಹಿಡಿದು ಇಂಜಿನು ಮುಗ್ಗರಿಸುತ್ತದೆ. ಪೆಟ್ಟಿಗೆಯ ಇಂಜಿನನ್ನು ಇಪ್ಪತ್ತು ವರ್ಷ ಓಡಿಸಿದವನಿಗೂ ಇದು ತಿಳಿಯದೆ ಹೋಗಬಹುದು. ಕೈಯಾರೆ ಕಟ್ಟಿದವನಿಗೆ ಮೊದಲನೆಯ ವಾರದಲ್ಲಿಯೇ ತಿಳಿಯುತ್ತದೆ.

ದೊಡ್ಡ ರೈಲುಗಳಿಗೂ ಈ ಪ್ರಶ್ನೆಯು ಹೊರತಲ್ಲ. ಬ್ರಿಟಿಷರ ಕಾಲದಲ್ಲಿ ಇಂಜಿನುಗಳು ಬಹುಮಟ್ಟಿಗೆ ಸಿದ್ಧವಾಗಿಯೇ ಹಡಗಿನಲ್ಲಿ ಬಂದುವು. ಅಜ್ಮೀರದ ಕಾರ್ಖಾನೆಯು 1895ರಲ್ಲಿ ಮೀಟರ್ ಗೇಜಿನ ಇಂಜಿನೊಂದನ್ನು ತಾನೇ ಕಟ್ಟಿತು. ಯಲಹಂಕದಲ್ಲಿಯೇ 1984ರಿಂದ ರೈಲಿನ ಗಾಲಿಗಳನ್ನೂ ಅಚ್ಚುಗಳನ್ನೂ ಮಾಡಲಾಗುತ್ತಿದೆ.

ಹಳೆಯ ಇಂಜಿನಿನ ಅಳತೆಗಾಗಿ ಕೈಗಾರನು ಮೈಸೂರಿಗೆ ಹೋಗಬೇಕು. ಅಲ್ಲಿ 1979ರಲ್ಲಿ ಸ್ಥಾಪಿತವಾದ ರೈಲು ವಸ್ತುಸಂಗ್ರಹಾಲಯದಲ್ಲಿ ಕಿರುದಾರಿಯ ಇಂಜಿನೂ ಇದೆ. ನಿಲ್ದಾಣದ ಅಳತೆಯಾದರೋ ಸ್ಥಳದಲ್ಲಿಯೇ ದೊರೆಯುತ್ತದೆ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಸುಮಾರು 45 ಕಿಲೋಮೀಟರು. 87ರಲ್ಲಿ ಒಂದು ಪಾಲಾಗಿಸಿದರೂ ಅದು ಅರ್ಧ ಕಿಲೋಮೀಟರನ್ನು ಮೀರುತ್ತದೆ. ಅಷ್ಟು ಉದ್ದದ ಮೇಜು ಯಾವ ಮನೆಯಲ್ಲಿಯೂ ಇರುವುದಿಲ್ಲವಾದುದರಿಂದ, ಒಬ್ಬನು ದೊಡ್ಡಜಾಲವನ್ನು ಆರಿಸಿಕೊಂಡರೆ ಇನ್ನೊಬ್ಬನು ನಂದಿಯನ್ನು ಆರಿಸಿಕೊಳ್ಳಬೇಕಾಗುತ್ತದೆ.